ಅಡಿವೆಪ್ಪನ ಸಾಲು

ನಾನು ಈ ಊರಿಗೆ ಬಂದ ಹತ್ತೊಂಬತ್ತನೆಯ ದಿನ ಇಡೀ ಊರನ್ನು ನನ್ನ ಹೆಸರಿಗೆ ಮಾಡಿಕೊಂಡೆ. ಬೇಕೆಂದು ಮಾಡಿದ್ದಲ್ಲ. ಅಷ್ಟೆಲ್ಲ ಧೈರ್ಯ ಇದ್ದಿದ್ದರೆ ನಮ್ಮಪ್ಪನ ಹಿತ್ತಿಲಿನಲ್ಲಿ ನನ್ನ ಪಾಲಿನ ಎರಡು ಹಲಸಿನ ಮರಗಳನ್ನಾದರೂ ತಮ್ಮನ ಹತ್ತಿರ ಕೇಳಿ ಪಡೆಯುತ್ತಿದ್ದೆ. ಒಂದು ಫೈಲು ತೆರೆದೆ, ಒಂದು ಸಾಲು ತಿದ್ದಿದೆ, ಮುಚ್ಚಿದೆ, ಅಷ್ಟೇ. ಅದರ ಫಲವಾಗಿ ಮರುದಿನ ಮಧ್ಯಾಹ್ನದೊಳಗೆ ಒಬ್ಬರ ಅರ್ಧ ಗಡ್ಡ ಕೆರೆದು, ಮೂರು ಡಬ್ಬಿ ಜೋಳ ಬೀಸಿ, ಎರಡು ಸಲ ಶಾಲೆಯ ಗಂಟೆ ಹೊಡೆದು, ಕುರಿದೊಡ್ಡಿಯ ಬಾಗಿಲಲ್ಲಿ ಒಂದು ಹೋತದಿಂದ ಗುದ್ದಿಸಿಕೊಂಡಿದ್ದೆ.

ಈ ಊರಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಕೆಲಸಕ್ಕೂ ಒಂದು ಸಾಲು ಇದೆ. ಗಿರಣಿ ಎಷ್ಟು ಹೊತ್ತಿಗೆ ಶುರುವಾಗಬೇಕು, ಶಾಲೆಯ ಗಂಟೆ ಯಾವಾಗ ಹೊಡೆಯಬೇಕು, ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಗೆ ಬರುವ ಕಾಗೆಯನ್ನು ಓಡಿಸುವುದು ಯಾರು, ಎಲ್ಲವೂ ಊರಪುಸ್ತಕದಲ್ಲಿ ಒಂದೊಂದು ಸಾಲು. ಒಟ್ಟು ಎರಡು ಸಾವಿರದ ಮುನ್ನೂರ ನಲವತ್ತು. ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ಕೊನೆಯ ಸಲ ಮುಟ್ಟಿದವರ ಹೆಸರು ಇರುತ್ತದೆ. ಮುಟ್ಟುವುದೆಂದರೆ ಬರೆಯುವುದು ಅಥವಾ ತಿದ್ದುವುದು. ಆ ಕೆಲಸ ಆ ಹೆಸರಿನವರ ಕೈಗೆ ಮಾತ್ರ ಒಲಿಯುತ್ತದೆ. ಗಿರಣಿಯ ಸಿದ್ದವೀರಪ್ಪನಿಗೆ ಭುಜದ ನೋವು ಬಂದಾಗ ಅವನ ಹೆಂಡತಿ ನೀಲಗಂಗಾ ಹೋಗಿ ಸಾಲು ತಿದ್ದಿಬಂದಳಂತೆ. ಅಂದಿನಿಂದ ಗಿರಣಿ ಅವಳು ಗುಂಡಿ ಒತ್ತಿದರೆ ತಿರುಗುತ್ತದೆ, ಅವನು ಒತ್ತಿದರೆ ಇಲ್ಲ. ಹೀಗೇಕೆ ಎಂದು ಬಂದ ಹೊಸತರಲ್ಲಿ ನಾನು ಕೇಳಿದ್ದೆ. "ಮತ್ತ ಹೆಂಗ ಇರಬೇಕಿತ್ರಿ?" ಎಂದು ನೀಲಗಂಗಾ ನನ್ನನ್ನೇ ಕೇಳಿದಳು.

ಮೊದಲು ಪುಸ್ತಕ ತಾಳೆಗರಿಯಲ್ಲಿತ್ತು, ಆಮೇಲೆ ಕಾಗದಕ್ಕೆ ಬಂತು, ಈಗ ಹತ್ತು ವರ್ಷದಿಂದ ಚಾವಡಿಯ ಕಂಪ್ಯೂಟರಿನಲ್ಲಿದೆ. ಅದನ್ನು ಅಲ್ಲಿಗೆ ತಂದವರು ರೇವಣ್ಣ ಮಾಸ್ತರರು. ಎಪ್ಪತ್ತೆಂಟು ವರ್ಷ, ಎರಡೂ ಕಣ್ಣಿಗೆ ಪೊರೆ, ನಾಲಿಗೆಗೆ ಮಾತ್ರ ಯಾವ ಪೊರೆಯೂ ಇಲ್ಲ. ಬರೆದದ್ದನ್ನು ಅಳಿಸಬಾರದು ಎಂಬುದು ಪುಸ್ತಕದ ಹಳೆಯ ಕಟ್ಟಳೆ. ಹಾಗಾಗಿ ದಿನಾ ಸಂಜೆ ಚಾವಡಿ ಮುಚ್ಚುವ ಮೊದಲು ಅಂದಿನ ಪ್ರತಿಯನ್ನು ಎತ್ತಿಡುತ್ತಾರೆ. ಯಾವ ದಿನ ಯಾರು ಏನು ತಿದ್ದಿದರು ಎಂದು ಎಷ್ಟು ಹಿಂದಕ್ಕೆ ಬೇಕಾದರೂ ಹೋಗಿ ನೋಡಬಹುದು. ಕಂಪ್ಯೂಟರು ನಿನ್ನೆಯ ಪ್ರತಿಯನ್ನೂ ಇವತ್ತಿನದನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ, ಬದಲಾದ ಸಾಲಿಗೆ ಹೊಸ ಹೆಸರು ಹಾಕುತ್ತದೆ. ಮಾಸ್ತರರ ಕಣ್ಣು ಕೈಕೊಟ್ಟಿದ್ದರಿಂದ ಆ ಕೆಲಸಕ್ಕೆ ಮೂರು ಬಸ್ಸು ಬದಲಿಸಿ ಗುಡ್ಡದಾಚೆಯ ನಮ್ಮೂರಿನಿಂದ ನಾನು ಬಂದೆ. ಹೆಸರು ವನಜಾಕ್ಷಿ, ವಯಸ್ಸು ನಲವತ್ತೊಂದು, ಹಿಂದೆ ಮುಂದೆ ಯಾರಿಲ್ಲ ಎಂದು ಅಳುವ ಜಾತಿಯವಳಲ್ಲ.

ಸತ್ತವರ ಸಾಲುಗಳ ವಿಷಯವನ್ನು ನನಗೆ ಹೇಳಿದವಳು ಕಸ್ತೂರೆವ್ವ. ಹಿರೇ ಓಣಿಯ ಕೊನೆಯಲ್ಲಿ, ಬೇವಿನ ಕಟ್ಟೆಯ ಎದುರಿಗೆ ಅವಳ ಮನೆ. ಅದರ ಪಕ್ಕದ ಕೋಣೆಯಲ್ಲಿ ನಾನು ಇದ್ದೆ. ರೊಟ್ಟಿ ಬಡಿದು ಮನೆಮನೆಗೆ ಕೊಡುವ ಹೆಂಗಸು, ಅರವತ್ತೆಂಟು ದಾಟಿದ್ದರೂ ಅವಳ ರೊಟ್ಟಿಯ ಸದ್ದು ಓಣಿಯ ತುದಿಗೆ ಕೇಳುತ್ತಿತ್ತು. ಸತ್ತವರ ಹೆಸರು ಬೇರೆ ಯಾರಾದರೂ ಆ ಸಾಲನ್ನು ಮುಟ್ಟುವತನಕ ಹಾಗೇ ಇರುತ್ತದೆ, ಕೆಲಸವೂ ನಡೆಯುತ್ತಲೇ ಇರುತ್ತದೆ. ಅವಳ ಗಂಡ ಅಡಿವೆಪ್ಪ ಆರು ವರ್ಷದ ಹಿಂದೆ ತೀರಿಕೊಂಡಿದ್ದ. ಬೇವಿನ ಕಟ್ಟೆಯ ಕಲ್ಲುಬಾನಿಗೆ ದಿನಾ ಮುಂಜಾನೆ ನೀರು ತುಂಬುವುದು ಅವನ ಸಾಲು. ದನಕರು, ಹಕ್ಕಿಪಕ್ಕಿ, ದಾರಿಹೋಕರು ಕುಡಿಯುವ ನೀರು. ಆರು ವರ್ಷದಿಂದಲೂ ಬಾನಿ ದಿನಾ ತುಂಬುತ್ತಿತ್ತು.

"ನೋಡಿದೀರಾ ಅವರನ್ನ?" ಎಂದು ಕೇಳಿದ್ದೆ.

"ಯಾಕ ನೋಡಬೇಕ ತಂಗಿ? ಕೆಲಸಾ ಮಾಡೂ ಹೊತ್ತಿನಾಗ ಹೋಗಿ ಮುಂದ ನಿಂತ್ರ ಅಂವಗ ಮೊದಲಿಂದಲೂ ಸಿಟ್ಟು," ಎಂದಳು. "ಹಾಸಿಗ್ಯಾಗ ಮಗ್ಗಲಾಗಿ ಮಲಕೊಂಡು ಕೇಳತೇನಿ. ಕೊಡಾ ಬಗ್ಗಸಿದ ಸಪ್ಪಳ ಆಕ್ಕೈತಿ. ಹದಿನಾಕು ಕೊಡಾ. ಹದಿನಾಕು ಆದ ಮ್ಯಾಲ ನಾ ಎದ್ದು ಒಲಿ ಹಚ್ಚತೇನಿ."

ಹೇಳುವಾಗ ಅವಳ ಮುಖದಲ್ಲಿ ದುಃಖದ ಗೆರೆಯೊಂದೂ ಇರಲಿಲ್ಲ. ಗಂಡ ಗದ್ದೆಗೆ ಹೋಗಿದ್ದಾನೆ ಎನ್ನುವಷ್ಟು ಸಲೀಸಾಗಿ ಹೇಳಿ, ನನ್ನ ಕೈಗೆ ಬಿಸಿ ರೊಟ್ಟಿ ಕೊಟ್ಟಳು.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ. ಊರಪುಸ್ತಕದಲ್ಲಿ ನನ್ನ ಪಾಲಿಗೆ ಇದ್ದದ್ದು ಒಂದೇ ಸಾಲು, ಚಾವಡಿಯ ಬಾಗಿಲನ್ನು ಒಂಬತ್ತಕ್ಕೆ ತೆರೆಯುವುದು. ನನಗೆ ಬೆಳಿಗ್ಗೆ ಏಳುವುದೆಂದರೆ ಆಗದು. ಅದನ್ನು ಒಂಬತ್ತೂವರೆ ಮಾಡಿಕೊಳ್ಳೋಣ ಎಂದು ಹತ್ತೊಂಬತ್ತನೆಯ ದಿನ ಮನಸ್ಸು ಮಾಡಿದೆ. ಅವತ್ತೇ ಚಾವಡಿಯ ಕಂಪ್ಯೂಟರಿನ ಕೀಲಿಮಣೆ ಕೆಟ್ಟು ಕೂತಿತು. ನಾಳೆ ಮಾಡಿದರಾಯಿತು ಎನ್ನಬಹುದಿತ್ತು. ಆದರೆ ಸೋಮಾರಿತನದ ಕೆಲಸಕ್ಕೆ ನನಗೆ ಎಲ್ಲಿಲ್ಲದ ಅವಸರ. ಫೈಲನ್ನು ಪೆನ್ ಡ್ರೈವಿಗೆ ಹಾಕಿಕೊಂಡು, ನಮ್ಮೂರಿನಿಂದ ತಂದಿದ್ದ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆದು, ಒಂಬತ್ತನ್ನು ಒಂಬತ್ತೂವರೆ ಮಾಡಿ, ವಾಪಸು ಚಾವಡಿಯ ಕಂಪ್ಯೂಟರಿಗೆ ಹಾಕಿ, ದಿನದ ಪ್ರತಿ ಎತ್ತಿಟ್ಟು ಮನೆಗೆ ಬಂದು ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು. ಹೊರಗೆ ಕ್ಷೌರದ ನಿಂಗಪ್ಪ ಕತ್ತಿ ಹಿಡಿದು ನಿಂತಿದ್ದ. ಅವನ ಹಿಂದೆ ಮುಖದ ತುಂಬ ಸೋಪಿನ ನೊರೆ ಮಾಡಿಕೊಂಡ ಒಬ್ಬ, ಅವನ ಹಿಂದೆ ಗಿರಣಿಯ ನೀಲಗಂಗಾ, ಅವಳ ಹಿಂದೆ ಶಾಲೆಯ ಟೀಚರ್ ಬಾಯಿಯವರು, ಅವರ ಹಿಂದೆ ಅರ್ಧ ಊರು. "ವನಜಕ್ಕಾರ, ಕತ್ತಿ ನಡ್ಯಾಕ ಒಲ್ಲದು. ಚಾವಡಿಗೆ ಹೋಗಿ ಕಿಟಕ್ಯಾಗಿಂದ ಪರದೆ ನೋಡಿದ್ರ ನನ್ನ ಸಾಲಿನ ಮುಂದ ನಿಮ್ಮ ಹೆಸರೈತಿ," ಎಂದ ನಿಂಗಪ್ಪ. "ನಂದೂ ಹಂಗ," ಎಂದಳು ನೀಲಗಂಗಾ. "ಎಲ್ಲಾರದೂ ಹಂಗ," ಎಂದಿತು ಹಿಂದಿನ ಗುಂಪು. ಯಾರ ದನಿಯಲ್ಲೂ ಸಿಟ್ಟಿರಲಿಲ್ಲ. ಹೊಸ ಸೊಸೆ ಮೊದಲ ದಿನವೇ ಪಾಯಸಕ್ಕೆ ಉಪ್ಪು ಹಾಕಿದರೆ ನೋಡುವ ಹಾಗೆ ನೋಡುತ್ತಿದ್ದರು.

ಮಾಡಿದ್ದುಣ್ಣೋ ಮಹಾರಾಯ ಅಂದರು ಹಿರಿಯರು. ಮಹಾರಾಯ್ತಿಗೂ ಅದೇ ನ್ಯಾಯ. ನೊರೆ ಒಣಗುತ್ತಿದ್ದವನನ್ನು ಕಾಯಿಸುವುದು ಪಾಪ ಎಂದು ಮೊದಲು ಅವನ ಗಡ್ಡಕ್ಕೆ ಕೈ ಹಾಕಿದೆ. ನಿಂಗಪ್ಪ ಪಕ್ಕದಲ್ಲಿ ನಿಂತು, "ಮ್ಯಾಲಿಂದ ಕೆಳಗ, ಕೆಳಗಿಂದ ಮ್ಯಾಲ ಅಲ್ಲ," ಎಂದು ಪಾಠ ಹೇಳುತ್ತಿದ್ದ. ಅರ್ಧಕ್ಕೆ ಬರುವಷ್ಟರಲ್ಲಿ ಶಾಲೆಯ ಗಂಟೆಯ ಹೊತ್ತಾಯಿತು, ಓಡಿದೆ. ಗಿರಣಿಗೆ ಓಡಿದೆ. ಚಹಾದಂಗಡಿಯ ಒಲೆ ಹಚ್ಚಿಕೊಟ್ಟೆ, ಒಂದು ಲೋಟ ಚಹಾ ಅಲ್ಲೇ ನಿಂತು ಕುಡಿದೆ. ಹೋದ ಕಡೆಯಲ್ಲೆಲ್ಲ ಜನ ತಮಾಷೆ ಮಾಡುತ್ತ ನನ್ನ ಕೈಗೆ ಏನಾದರೊಂದು ತಿನ್ನಲು ಇಡುತ್ತಿದ್ದರು. "ನೀವ ಎಲ್ಲಾ ಮಾಡ್ರಿ, ನಾವು ಒಂದ ವಾರ ಕಾಲು ಚಾಚಿ ಕುಂದ್ರತೇವಿ," ಎಂದ ಸಿದ್ದವೀರಪ್ಪ. ಅವನು ಭುಜದ ನೋವಿನ ದಿನದಿಂದಲೂ ಕಾಲು ಚಾಚಿಯೇ ಕುಳಿತವನು ಎಂದು ನೀಲಗಂಗಾ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಮಧ್ಯಾಹ್ನ ಚಾವಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತಾಗ ಕಸ್ತೂರೆವ್ವ ಬಂದಳು. ಕೈಯಲ್ಲಿ ರೊಟ್ಟಿಯ ಬುಟ್ಟಿ ಇರಲಿಲ್ಲ. ಅವತ್ತು ಓಣಿಯಲ್ಲಿ ರೊಟ್ಟಿಯ ಸದ್ದೂ ಕೇಳಿರಲಿಲ್ಲ ಎಂದು ನನಗೆ ಆಗಲೇ ಹೊಳೆದದ್ದು. "ಬಾನಿ ಖಾಲಿ ಐತಿ," ಎಂದಳು. ಅಷ್ಟೇ ಹೇಳಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ಬೆಳಗಿನಿಂದ ಇಡೀ ಊರು ನಕ್ಕಿದ್ದಕ್ಕೆ ನಾನೂ ಜೊತೆಯಲ್ಲಿ ನಕ್ಕಿದ್ದೆ. ಆಗ ನಗು ನಿಂತುಹೋಯಿತು. ನನ್ನ ಅರ್ಧ ಗಂಟೆಯ ನಿದ್ದೆಗಾಗಿ ಒಬ್ಬ ಗಂಡಸನ್ನು ನಾನು ಎರಡನೆಯ ಸಲ ಸಾಯಿಸಿದ್ದೆ.

ಮಾಸ್ತರರು ಕಾರಣ ಹಿಡಿದದ್ದು ಸಂಜೆಗೆ. ಪರದೆ ಕಾಣದ ಕಾರಣ ನನ್ನಿಂದ ಓದಿಸಿದರು. ಹಿಂದಿನ ಪ್ರತಿಯಲ್ಲಿ ಎಷ್ಟು ಅಕ್ಷರ, ಹೊಸ ಪ್ರತಿಯಲ್ಲಿ ಎಷ್ಟು ಎಂದು ಕೇಳಿದರು. ಒಂಬತ್ತನ್ನು ಒಂಬತ್ತೂವರೆ ಮಾಡಿದ್ದನ್ನು ಬಾಯಿ ಬಿಡದೆ ಮನಸ್ಸಿನಲ್ಲೇ ಕಳೆದು ಹೇಳಿದೆ. ಹೆಚ್ಚಾದದ್ದು ಸರಿಯಾಗಿ ಎರಡು ಸಾವಿರದ ಮುನ್ನೂರ ನಲವತ್ತು. ಸಾಲಿಗೊಂದು. ಮಾಸ್ತರರು ತೊಡೆ ತಟ್ಟಿ ನಕ್ಕು, ಬಾಗಿಲಲ್ಲಿ ನಿಂತವರನ್ನೆಲ್ಲ ಒಳಗೆ ಕರೆದರು.

"ಟೈಪ್ ಮಷೀನ್ ನೋಡಿದ್ದೀರಲ್ಲ?" ಎಂದರು. "ಸಾಲು ಮುಗೀತಂದ್ರ ಅದರ ಹಿಡಿಕಿ ಹಿಡದು ಬಲಕ್ಕ ತಳ್ಳತಿದ್ವಿ, ಬರಿಯೂ ಜಾಗ ಎಡಕ್ಕ ಬರತಿತ್ತು. ಕಾಗದಾ ಒಂದ ಸಾಲು ಮ್ಯಾಲ ಏರತಿತ್ತು. ಎರಡು ಕೆಲಸ ಅವು. ವನಜಕ್ಕನ ಊರಿನ ಯಂತ್ರ ಇವತ್ತಿಗೂ ಆ ಎರಡನ್ನೂ ಬರೀತೈತಿ. ಪ್ರತಿ ಸಾಲಿನ ತುದಿಗೆ, ಎಡಕ್ಕ ಬಾ, ಕೆಳಗಿಳಿ, ಅಂತ ಎರಡು ಗುರ್ತು. ನಮ್ಮ ಚಾವಡಿ ಯಂತ್ರ, ಕೆಳಗಿಳಿ, ಅಂತ ಒಂದ ಗುರ್ತು ಬರೀತೈತಿ. ಓದೂ ಕಣ್ಣಿಗೆ ಎರಡೂ ಒಂದ. ಆದ್ರ ಪುಸ್ತಕ ಕಣ್ಣಿಲೆ ಓದೂದಿಲ್ಲ, ಅಕ್ಷರಾ ಎಣಸತೈತಿ. ಎಲ್ಲಾ ಸಾಲಿನ ಬಾಲಕ್ಕೂ ಒಂದು ಹೆಚ್ಚಿಂದು ಬಂದೈತಿ, ಎಲ್ಲಾ ಸಾಲೂ ಈಕಿ ಮುಟ್ಟ್ಯಾಳ ಅಂತ ತಿಳಕೊಂಡೈತಿ."

"ಎಡಕ್ಕ ಬರದ ಬರೇ ಕೆಳಗಿಳದ್ರ ಮುಂದಿನ ಸಾಲು ಬಲಕ್ಕ ಶುರು ಆಗೂದಿಲ್ಲೇನ್ರಿ?" ಎಂದ ನಿಂಗಪ್ಪ. ಅವನಿಗೆ ಇಂಥ ವಿಷಯಗಳಲ್ಲಿ ಬಲು ಆಸಕ್ತಿ.

"ನಮ್ಮ ಯಂತ್ರಕ್ಕ ಅಷ್ಟು ಹೇಳೂದು ಬ್ಯಾಡ. ತಾನ ಬರತೈತಿ."

"ಹಂಗಾರ ತಪ್ಪು ಯಾರದು?"

"ಯಾರದೂ ಅಲ್ಲ. ಅವರ ಊರಾಗ ಸಾಲು ಹಂಗ ಮುಗೀತೈತಿ, ನಮ್ಮ ಊರಾಗ ಹಿಂಗ," ಎಂದರು ಮಾಸ್ತರರು. ಅವರ ಆ ಒಂದು ಮಾತಿಗೆ ನಾನು ಜನ್ಮವಿಡೀ ಋಣಿ.

ಹಳೆಯ ಪ್ರತಿಯನ್ನೇ ಮತ್ತೆ ತಂದು ಹಾಕಿದರೆ ಆಗದೇ ಎಂದು ನಾನು ಕೇಳಿದೆ. "ಆಗತೈತಿ. ಆದ್ರ ಹಾಕಿದವರು ಎಲ್ಲಾ ಸಾಲೂ ಮುಟ್ಟಿದಂಗಾಗತೈತಿ. ನಾ ಹಾಕಿದ್ರ ನಾಳಿ ಎಲ್ಲಾರೂ ನನ್ನ ಮನಿ ಮುಂದ ನಿಂದ್ರತಾರ, ನನಗ ಮೊಣಕಾಲು ನೋವು ಬ್ಯಾರೆ," ಎಂದರು. ಆ ದಿನದ ಪ್ರತಿಯನ್ನೇ ಅಳಿಸಿಹಾಕುವ ಮಾತನ್ನು ನಾನು ಎತ್ತಲಿಲ್ಲ. ತಾಳೆಗರಿಯ ಕಾಲದಿಂದ ಯಾರೂ ಮಾಡದ ಕೆಲಸವನ್ನು ಇಪ್ಪತ್ತು ದಿನದ ಹಿಂದೆ ಬಂದವಳು ಹೇಗೆ ಕೇಳುವುದು?

ಬದುಕಿದ್ದವರ ಸಮಸ್ಯೆ ಬೇಗ ಬಗೆಹರಿಯಿತು. ಮರುದಿನ ಕೀಲಿಮಣೆ ರಿಪೇರಿಯಾಗಿ ಬಂತು, ಎಲ್ಲರೂ ಚಾವಡಿಯ ಮುಂದೆ ಪಾಳಿ ಹಚ್ಚಿ ನಿಂತು ತಮ್ಮ ತಮ್ಮ ಸಾಲನ್ನು ತಾವೇ ಮುಟ್ಟಿ ಹೆಸರು ತಿರುಗಿ ಪಡೆದರು. ಆದರೆ ಇದ್ದದ್ದನ್ನೇ ಮತ್ತೆ ಬರೆದರೆ ಪುಸ್ತಕ ಕೇಳುವುದಿಲ್ಲ, ಏನಾದರೂ ಬದಲಾಗಲೇಬೇಕು. ನೀಲಗಂಗಾ 'ಜೋಳ ಬೀಸುವುದು' ಎಂದಿದ್ದುದನ್ನು 'ಜೋಳ ಸಣ್ಣಗೆ ಬೀಸುವುದು' ಎಂದು ಮಾಡಿದಳು. ಅಂದಿನಿಂದ ಗಿರಣಿ ಸಣ್ಣಗಲ್ಲದೆ ಬೀಸುವುದಿಲ್ಲ, ನುಚ್ಚು ಬೇಕಾದವರು ಮನೆಯಲ್ಲೇ ಕುಟ್ಟಿಕೊಳ್ಳಬೇಕು. ನಿಂಗಪ್ಪ ತನ್ನ ಸಾಲಿಗೆ 'ನಗುಮುಖದಿಂದ' ಎಂದು ಸೇರಿಸಿ, ಈಗ ಹಲ್ಲು ನೋವಿದ್ದಾಗಲೂ ನಗುತ್ತ ಕ್ಷೌರ ಮಾಡುತ್ತಾನೆ. ಮೂರು ದಿನ ಆ ಪಾಳಿ ನಡೆಯಿತು. ಊರು ಮೊದಲಿಗಿಂತ ಸ್ವಲ್ಪ ನಯವಾಯಿತು ಎಂದು ನನ್ನ ಅನಿಸಿಕೆ.

ಸತ್ತವರು ಪಾಳಿಯಲ್ಲಿ ಬಂದು ನಿಲ್ಲುವುದಿಲ್ಲ. ಅವರ ಸಾಲುಗಳು ಇದ್ದದ್ದು ಮೂವತ್ತೊಂದು. ಬೇರೆಯವನ್ನು ಅವರವರ ಮನೆಯವರು ನೋಡಿಕೊಂಡರು, ಒಬ್ಬ ಅಜ್ಜಿಯ ಕಾಗೆ ಓಡಿಸುವ ಸಾಲನ್ನು ಮೊಮ್ಮಗಳೇ ತಿದ್ದಿ ಕೋಲು ಹಿಡಿದು ಮಾಳಿಗೆ ಹತ್ತಿದಳು. ಕಸ್ತೂರೆವ್ವ ಮಾತ್ರ ಚಾವಡಿಯ ಕಡೆ ಬರಲಿಲ್ಲ. ತಾನು ತಿದ್ದಿದರೆ ತನ್ನ ಹೆಸರು ಬರುತ್ತದೆ, ಅವನ ಹೆಸರು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಆ ಸಾಲು ನನ್ನ ಹೆಸರಿನಲ್ಲೇ ಉಳಿಯಿತು, ದಿನಾ ಮುಂಜಾನೆ ಎದ್ದು ಬಾವಿಯಿಂದ ಹದಿನಾಲ್ಕು ಕೊಡ ಹೊರುವುದು ನನ್ನ ಪಾಲಿಗೆ ಬಂತು. ಒಂಬತ್ತಕ್ಕೆ ಏಳಲಾರದವಳು ಐದಕ್ಕೆ ಎದ್ದೆ. ಬಾವಿಯಲ್ಲಿ ಹೆಂಗಸರು, "ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನು," ಎಂದು ನಕ್ಕು ಜಾಗ ಬಿಟ್ಟರು.

ಮೊದಲ ದಿನ ಬಾನಿ ತುಂಬಿಸಿ ತಿರುಗಿದರೆ ಕಸ್ತೂರೆವ್ವ ಹೊಸ್ತಿಲಲ್ಲಿ ನಿಂತಿದ್ದಳು. ನಾನು ತಲೆ ತಗ್ಗಿಸಿದೆ. ಅವಳು ಒಳಗೆ ಹೋಗಿ ಚಹಾ ತಂದಳು. ದಿನಾ ಹೀಗೇ ನಡೆಯಿತು, ಅವಳು ಒಂದು ಕಟುಮಾತೂ ಆಡಲಿಲ್ಲ. ಆದರೆ ಅವಳ ರೊಟ್ಟಿ ಬಡಿಯುವ ಕೈ ನಡುನಡುವೆ ನಿಲ್ಲುತ್ತಿತ್ತು. ಐದನೆಯ ದಿನ ನಾನೇ ಬಾಯಿ ಬಿಟ್ಟು, "ಕಸ್ತೂರಮ್ಮ, ನಾನು ತುಂಬಿಸೋದ್ರಲ್ಲಿ ಏನಾದ್ರೂ ಕಮ್ಮಿ ಆಗ್ತಿದೆಯಾ?" ಎಂದು ಕೇಳಿದೆ.

"ಇಲ್ಲವಾ ತಂಗಿ. ನೀ ತುಂಬಿಸಿದ ನೀರು ಛಲೋನ ಐತಿ. ದನಾ ಕುಡೀತಾವ, ಗುಬ್ಬಿ ಜಳಕಾ ಮಾಡತಾವ," ಎಂದಳು. "ಆದ್ರ ನನಗ ಹಾಸಿಗಿಂದ ಏಳಾಕ ಯಾವ ಸಪ್ಪಳಾನೂ ಇಲ್ಲ. ನಿನ್ನ ಸಪ್ಪಳ ನಿಂದು. ಅಂವಂದು ಬ್ಯಾರೆ."

ಅವತ್ತು ಚಾವಡಿಗೆ ಹೋದವಳು ಮಾಸ್ತರರನ್ನು ಬಿಡಲಿಲ್ಲ. ಮಧ್ಯಾಹ್ನದ ನಿದ್ದೆಗೂ ಬಿಡಲಿಲ್ಲ. ಅವರು ಹೇಳುತ್ತ ಹೋದರು, ನಾನು ಹುಡುಕುತ್ತ ಹೋದೆ. ಹೊತ್ತು ಇಳಿಯುವಾಗ ದಾರಿ ಸಿಕ್ಕಿತು. ಪುಸ್ತಕವನ್ನು 'ಈ ಸಾಲನ್ನು ಕೊನೆಗೆ ಮುಟ್ಟಿದವರು ಯಾರು' ಎಂದು ಕೇಳುವಾಗ, 'ಇಂಥ ದಿನವನ್ನು ಬಿಟ್ಟು ಹೇಳು' ಎಂದು ಕೇಳಬಹುದು. ದಿನ ಅಳಿಸಿಹೋಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಷ್ಟೇ. ಮೊದಲು ಎಲ್ಲ ಸಾಲುಗಳ ಬಾಲದಿಂದ ಹೆಚ್ಚಿನ ಗುರುತು ತೆಗೆದುಹಾಕಬೇಕು. ಆಮೇಲೆ ನಾನು ಕೆಡಿಸಿದ ದಿನ, ನಾನು ಸರಿಪಡಿಸಿದ ದಿನ, ಎರಡನ್ನೂ ಬಿಟ್ಟು ಕೇಳಬೇಕು. ಆದರೆ ಊರಪುಸ್ತಕದಲ್ಲಿ ಯಾವ ದಿನವನ್ನೂ ಇಲ್ಲಿಯತನಕ ಯಾರೂ ಪಕ್ಕಕ್ಕಿಟ್ಟಿರಲಿಲ್ಲ. ಎಲ್ಲರೂ ಒಪ್ಪಬೇಕು ಎಂದರು ಮಾಸ್ತರರು.

ಮರುದಿನ ಸಂಜೆ ಊರೆಲ್ಲ ಚಾವಡಿಯಲ್ಲಿ ಸೇರಿತು. ನಿಂಗಪ್ಪ ನಗುಮುಖದಿಂದಲೇ ಅಡ್ಡ ಮಾತು ತೆಗೆದ. "ಇವತ್ತು ಒಂದು ದಿನಾ ಬಿಟ್ಟು ನೋಡ್ರಿ ಅಂತೇವಿ. ನಾಳಿ ಯಾರರೆ ಬೇಕಂತ ಇನ್ನೊಬ್ಬರ ಸಾಲು ಕಸಗೊಂಡು, ಆ ದಿನಾ ನೋಡಬ್ಯಾಡ್ರಿ ಅಂದ್ರ?" ಅವನು ಹೇಳಿದ್ದು ಸರಿಯಾಗಿತ್ತು, ತಲೆಗಳು ಅಲ್ಲಾಡಿದವು. "ಓದಾಕ ಒಂದಕ್ಷರಾನೂ ಬದಲಾಗದ ದಿನ ಇದ್ರ ಮಾತ್ರ ಬಿಡೂಣು. ಕಾಣದ ಗುರ್ತಿನ ಸಲುವಾಗಿ ಅಷ್ಟ," ಎಂದರು ಮಾಸ್ತರರು. ಎಲ್ಲರೂ ಆಗಲಿ ಎನ್ನುವಷ್ಟರಲ್ಲಿ ನನಗೆ ನೆನಪಾಯಿತು. ಅವತ್ತು ಓದಲು ಬದಲಾದ ಸಾಲು ಒಂದು ಇತ್ತಲ್ಲ. ಎದ್ದು ನಿಂತು, ಒಂಬತ್ತೂವರೆಯ ಕಥೆಯನ್ನು ಹೇಳಿದೆ. ಇಷ್ಟೆಲ್ಲ ರಂಪ ಅರ್ಧ ಗಂಟೆ ಹೆಚ್ಚು ಮಲಗುವ ಆಸೆಯಿಂದ ಆದದ್ದೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. "ಒಂಬತ್ತಕ್ಕೇ ತೆಗೀತೀನಿ. ಎಂಟೂವರೆ ಅಂದ್ರೆ ಎಂಟೂವರೆಗೆ ತೆಗೀತೀನಿ," ಎಂದೆ. ಚಾವಡಿ ನಕ್ಕು ನಕ್ಕು ಸುಸ್ತಾಯಿತು. ನಿಂಗಪ್ಪನೇ ಮೊದಲು ಕೈ ಎತ್ತಿದ.

ಹಿಂದಿನಿಂದ ಒಬ್ಬರು, "ಹೆಂಗಿದ್ರೂ ವನಜಕ್ಕ ನೀರು ತುಂಬಸಾಕತ್ಯಾಳಲ್ಲ, ಇಷ್ಟೆಲ್ಲಾ ಯಾಕ?" ಎಂದರು. ಕಸ್ತೂರೆವ್ವ ಮೂಲೆಯಲ್ಲಿ ಕುಳಿತಿದ್ದಳು. ಹೇಳಿದವರೇ ಅವಳ ಮುಖ ನೋಡಿ ತಮ್ಮ ಕೈಯನ್ನೂ ಎತ್ತಿದರು.

ಅಲ್ಲಿಯೇ ಎಲ್ಲರ ಎದುರಿಗೆ ಕೆಲಸ ಮುಗಿಸಿದೆವು. ಹೆಚ್ಚಿನ ಗುರುತುಗಳು ಹೋದವು, ಎರಡು ದಿನಗಳು ಪಕ್ಕಕ್ಕೆ ಹೋದವು. ಮಾಸ್ತರರು ಪುಸ್ತಕದ ಪಕ್ಕದಲ್ಲಿ ಒಂದು ಪುಟ್ಟ ಚೀಟಿಯನ್ನೂ ಬರೆಸಿ ಇಡಿಸಿದರು. ಅದು ಕಂಪ್ಯೂಟರಿಗೆ ಹೇಳುವ ಮಾತು. ಯಾರ ಯಂತ್ರ ಯಾವ ಊರಿನದೇ ಇರಲಿ, ಅವರವರ ಮನೆಯಲ್ಲಿ ಸಾಲನ್ನು ಅವರವರ ರೀತಿಯಲ್ಲಿ ಮುಗಿಸಿಕೊಳ್ಳಲಿ. ಚಾವಡಿಗೆ ಬರುವಾಗ ಮಾತ್ರ, ಚಪ್ಪಲಿ ಬಿಟ್ಟು ಬರುವ ಹಾಗೆ, ಹೆಚ್ಚಿನ ಗುರುತನ್ನು ಹೊರಗೆ ಬಿಟ್ಟು ಬರಬೇಕು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನನ್ನನ್ನು ನಾನೇ ಬೈದುಕೊಂಡು ಆ ಚೀಟಿ ಬರೆದೆ. ಆಮೇಲೆ ಪುಸ್ತಕವನ್ನು ಕೇಳಿದೆವು. ಪುಸ್ತಕದ ಕೊನೆಯಲ್ಲಿದ್ದ ಬಾನಿಯ ಸಾಲಿನ ಪಕ್ಕದಲ್ಲಿ 'ಅಡಿವೆಪ್ಪ' ಎಂದು ಬಂತು.

ಎಲ್ಲರೂ ಹೋದ ಮೇಲೆ ನಾನು ಮಾಸ್ತರರ ಹತ್ತಿರ ಮೆಲ್ಲಗೆ, "ಹೆಸರು ಬಂತಲ್ಲ ಮೇಷ್ಟ್ರೇ, ಇನ್ನು ಸರಿಹೋಯ್ತು ಅಲ್ವಾ?" ಎಂದೆ. ಅವರು ಕೋಲು ಹುಡುಕುತ್ತ, "ಹೆಸರು ಬರಸೂದು ನಮ್ಮ ಕೈಯಾಗಿತ್ತು, ಬರಸೇವಿ. ಇಷ್ಟು ದಿನಾ ಬ್ಯಾರೆಯವರು ಮಾಡಿದ ಕೆಲಸಕ್ಕ ಅಂವ ಮತ್ತ ಬರತಾನೋ ಇಲ್ಲೋ ನನಗ ಗೊತ್ತಿಲ್ಲವಾ," ಎಂದರು.

ನನಗೆ ಅವತ್ತು ಸರಿಯಾಗಿ ನಿದ್ದೆ ಬರಲಿಲ್ಲ. ಐದಕ್ಕೆ ಎದ್ದು, ಬಾರದಿದ್ದರೆ ಬಾನಿ ಒಣಗಬಾರದು ಎಂದು ಕೊಡ ಹಿಡಿದು ಹೊರಗೆ ಬಂದೆ. ನಸುಬೆಳಕು. ಬಾನಿಯ ಹತ್ತಿರ ಹೋಗಿ ನೋಡಿದೆ. ಕಂಠದವರೆಗೆ ನೀರು ತುಂಬಿತ್ತು, ಇನ್ನೂ ಅಲುಗುತ್ತಿತ್ತು. ಕಟ್ಟೆಯ ಕಲ್ಲಿನ ಮೇಲೆ ಚೆಲ್ಲಿದ ನೀರು ಬಾವಿಯ ದಾರಿಯತ್ತ ಹನಿಹನಿಯ ಸಾಲಾಗಿ ಹೋಗಿತ್ತು. ಹಿಂದೆ ಬಾಗಿಲು ತೆರೆದ ಸದ್ದಾಯಿತು. ಕಸ್ತೂರೆವ್ವ ತಲೆಗೂದಲು ಕಟ್ಟಿಕೊಳ್ಳುತ್ತ ಹೊಸ್ತಿಲಿಗೆ ಬಂದಳು. "ಹದಿನಾಕು," ಎಂದಳು. ಆಮೇಲೆ ಒಳಗೆ ಹೋಗಿ ಒಲೆ ಹಚ್ಚಿದಳು. ನಾನು ಖಾಲಿ ಕೊಡದ ಮೇಲೆ ಕೈಯಿಟ್ಟು ಅಲ್ಲೇ ಕುಳಿತು ಅತ್ತೆ. ಅಷ್ಟು ಸುಖವಾಗಿ ನಾನು ಎಂದೂ ಅತ್ತಿಲ್ಲ.

ನಾಲ್ಕು ದಿನ ಕಳೆದು, ನಾನು ಒಂಬತ್ತಕ್ಕೆ ಸರಿಯಾಗಿ ಚಾವಡಿಯ ಬಾಗಿಲು ತೆರೆದಾಗ ಅವಳು ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಇಷ್ಟು ವರ್ಷದಲ್ಲಿ ಪುಸ್ತಕದಲ್ಲಿ ತನ್ನದೆಂದು ಒಂದು ಸಾಲೂ ಬರೆದವಳಲ್ಲ, ರೊಟ್ಟಿ ಬಡಿಯುವುದು ಯಾವ ಸಾಲಿನ ಕೆಲಸವೂ ಅಲ್ಲ, ಸುಮ್ಮನೆ ಹೊಟ್ಟೆಪಾಡು ಎಂದು ಹೇಳಿ ಕುರ್ಚಿಯ ತುದಿಯಲ್ಲಿ ಕುಳಿತಳು. "ನಂದೊಂದು ಸಾಲು ಬರೀಬೇಕ ತಂಗಿ. ಅಂವನ ಸಾಲಿನ ಕೆಳಗ. ಆದ್ರ ಅಂವಂದಕ್ಕ ಕೈ ತಾಗಬಾರದು."

ನಾನು ಒಮ್ಮೆಲೇ ಹೂಂ ಎನ್ನಲಿಲ್ಲ. ಒಮ್ಮೆ ಸುಟ್ಟುಕೊಂಡವಳು. ಹಿರೇ ಓಣಿ ಊರಿನ ಕೊನೆ, ಬೇವಿನ ಕಟ್ಟೆ ಓಣಿಯ ಕೊನೆ, ಹಾಗಾಗಿ ಅಡಿವೆಪ್ಪನ ಸಾಲು ಪುಸ್ತಕದ ಕೊನೆ. ಕೊನೆಯ ಸಾಲು ಬರೆದವರಲ್ಲಿ ಎಷ್ಟೋ ಜನ ಕೊನೆಯ ಅಕ್ಷರ ಬಂದೊಡನೆ ಎದ್ದುಹೋಗುತ್ತಾರೆ. ಕೆಳಗಿಳಿ ಎಂಬ ಆ ಗುರುತನ್ನು ಹಾಕುವುದಿಲ್ಲ, ಕೆಳಗೆ ಇನ್ನೇನೂ ಇಲ್ಲವಲ್ಲ ಎಂದು. ಹಾಗೆ ಬಿಟ್ಟ ಸಾಲಿನ ಕೆಳಗೆ ಇನ್ನೊಬ್ಬರು ಬರೆಯಬೇಕಾದರೆ ಮೊದಲು ಅದರ ತುದಿಗೆ ಗುರುತು ಹಾಕಬೇಕು. ಹಾಕಿದರೆ ಅದನ್ನು ಮುಟ್ಟಿದ ಹಾಗೆ, ಅವನ ಹೆಸರು ಹೋಗುತ್ತದೆ. ಇದನ್ನು ಅವಳಿಗೆ ಇದ್ದ ಹಾಗೆ ಹೇಳಿದೆ. ಅವಳು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, "ನೋಡು," ಎಂದಳು.

ಕರ್ಸರನ್ನು ಅವನ ಸಾಲಿನ ತುದಿಗೆ ಇಟ್ಟೆ. ಕೆಳಗಿಳಿಯುವ ಬಾಣದ ಕೀಲಿಯ ಮೇಲೆ ಬೆರಳಿಟ್ಟೆ. ಗುರುತು ಇಲ್ಲದಿದ್ದರೆ ಕರ್ಸರು ಅಲ್ಲೇ ನಿಲ್ಲಬೇಕು. ಒತ್ತಿದೆ. ಅದು ಕೆಳಗಿಳಿದು ಖಾಲಿ ಜಾಗದಲ್ಲಿ ಮಿನುಗಿತು.

"ಸಾಲು ಮುಗಿಸಿ ಹೋಗಿದಾರೆ," ಎಂದೆ. "ಕೆಳಗೆ ಒಂದು ಸಾಲಿಗೆ ಜಾಗ ಬಿಟ್ಟಿದಾರೆ ಕಸ್ತೂರಮ್ಮ."

"ಬಿಟ್ಟಿರತಾನ," ಎಂದಳು, ಅದರಲ್ಲಿ ಆಶ್ಚರ್ಯವೇನೂ ಇಲ್ಲದವಳ ಹಾಗೆ. "ಕಟ್ಟಿ ಮ್ಯಾಲ ಒಬ್ಬನ ಕುಂತಾಗೂ ಒಂದ ಮೂಲ್ಯಾಗ ಕುಂದ್ರತಿದ್ದ. ನಾ ಬಂದ್ರ ಕುಂದ್ರಾಕ ಬೇಕಲ್ಲ ಅಂತ."

ಏನು ಬರೆಯಬೇಕು ಎಂದು ಕೇಳಿದೆ. ಅವಳು ಹೇಳಿದ್ದನ್ನು ಒಂದೊಂದೇ ಅಕ್ಷರ ತೋರಿಸುತ್ತ ಅವಳ ಬೆರಳಿನಿಂದಲೇ ಒತ್ತಿಸಿದೆ. ಬಹಳ ಹೊತ್ತು ಹಿಡಿಯಿತು, ಯಾರಿಗೂ ಅವಸರವಿರಲಿಲ್ಲ. 'ನೀರು ತುಂಬಿದ ಮೇಲೆ ಕಸ್ತೂರೆವ್ವ ಬಂದು ಕಟ್ಟೆಯ ಮೇಲೆ ಒಂದು ಗಳಿಗೆ ಕೂಡುವುದು.' ಅವಳು ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ಆಮೇಲೆ, "ನಾ ಇದ್ರೂ, ಇರದಿದ್ರೂ, ಈ ಸಾಲು ನಡೀತೈತಲ್ಲ?" ಎಂದಳು.

"ಯಾರೂ ಮುಟ್ಟದಿದ್ರೆ ನಡಿಯುತ್ತೆ."

"ಹಂಗಾರ ಮುಟ್ಟಬ್ಯಾಡ್ರಿ ಅಂತ ಊರಿಗೆ ಹೇಳು," ಎಂದು ಹೇಳಿ, ಕೆಳಗಿಳಿ ಎಂಬ ಗುರುತು ಹಾಕುವ ಎಂಟರ್ ಕೀಲಿ ಯಾವುದೆಂದು ಕೇಳಿ ತಿಳಿದುಕೊಂಡು, ತಾನೇ ಅದನ್ನು ಒತ್ತಿ ಎದ್ದಳು.